ಹದಿನೈದು ದಿನದ ವಾಷಿಂಗ್ ಮಿಷನ್

ನಮ್ಮ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಮೇಲಿನಿಂದ ಬಿಚ್ಚುತ್ತಿರಲಿಲ್ಲ. ಬೋರಲು ಮಾಡಿ, ತಳದ ಟೇಪನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಥರ್ಮಾಕೋಲ್ ಮುರಿಯದ ಹಾಗೆ ಒಳಗಿನ ಸಾಮಾನನ್ನು ಮೆಲ್ಲಗೆ ಎತ್ತುತ್ತಿದ್ದರು. ಬೇರೆ ಮನೆಗಳಲ್ಲಿ ಹೊಸ ಟೀವಿಯೋ ಮಿಕ್ಸಿಯೋ ಬಂದರೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಅಕ್ಕಪಕ್ಕದವರಿಗೆ ಸಕ್ಕರೆ ಹಂಚುತ್ತಿದ್ದರು. ನಮ್ಮಲ್ಲಿ ಕುಂಕುಮಕ್ಕೆ ಅಪ್ಪಣೆ ಇರಲಿಲ್ಲ, ಅದರ ಕಲೆ ಹೋಗುವುದಿಲ್ಲವಂತೆ. ಅಮ್ಮ ಒಂದು ಚಿಟಿಕೆ ವಿಭೂತಿ ಇಟ್ಟು ಕೈಮುಗಿದು, ಎರಡು ನಿಮಿಷ ಬಿಟ್ಟು ಸೆರಗಿನಲ್ಲಿ ಒರೆಸಿಬಿಡುತ್ತಿದ್ದಳು. ಹದಿನೈದು ದಿನ ಕಳೆದ ಮೇಲೆ ಆ ಸಾಮಾನು ಅದೇ ಪೆಟ್ಟಿಗೆಗೆ ವಾಪಸ್ ಹೋಗಬೇಕಿತ್ತು. ಕೊಂಡವರು ಮೇಲಿನ ಟೇಪು ನೋಡಿ, ಸೀಲು ಒಡೆದಿಲ್ಲ, ಹೊಚ್ಚಹೊಸದು ಎಂದು ಸಂತೋಷಪಡಬೇಕಿತ್ತು. ಈ ವಿದ್ಯೆಯಲ್ಲಿ ನಮ್ಮಪ್ಪನಷ್ಟು ನುರಿತವನು ಇಡೀ ತುಮಕೂರಿನಲ್ಲಿ ಇನ್ನೊಬ್ಬ ಇರಲಿಲ್ಲ ಅನ್ನಿಸುತ್ತದೆ. ಬೇರೆ ಯಾವ ವಿಷಯಕ್ಕೂ ಅವನನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಇದೆಲ್ಲ ದೊಡ್ಡಪ್ಪನ ತಲೆ. ಅವರು ಅಪ್ಪನ ಸ್ವಂತ ಅಣ್ಣ. ಗುಬ್ಬಿ ಕಡೆಯ ನಮ್ಮ ಹಳ್ಳಿಯಿಂದ ಮೊದಲು ಪೇಟೆಗೆ ಬಂದವರು, ರೇಡಿಯೋ ರಿಪೇರಿಯಿಂದ ಶುರುಮಾಡಿ ಗಾಜಿನ ಬಾಗಿಲಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರೆಗೆ ಬೆಳೆದವರು. ಅಪ್ಪ ಅವರ ಹಿಂದೆಯೇ ಬಂದು ಅದೇ ಅಂಗಡಿಯಲ್ಲಿ ಸಾಮಾನು ಏರಿಸುವ, ಇಳಿಸುವ, ಮನೆಮನೆಗೆ ಹೋಗಿ ಜೋಡಿಸಿಕೊಡುವ ಕೆಲಸಕ್ಕೆ ನಿಂತ. ಗಿರಾಕಿಗಳ ಮುಂದೆ ದೊಡ್ಡಪ್ಪ ಅವನನ್ನು 'ನಮ್ಮ ತಮ್ಮ' ಅನ್ನುತ್ತಿದ್ದರು, ಗಿರಾಕಿ ಮೆಟ್ಟಿಲಿಳಿದ ಮೇಲೆ 'ಏನ್ಲಾ'. ನಾವಿದ್ದ ಮರಳೂರಿನ ಮನೆಯೂ ಅವರದೇ. ಬಾಡಿಗೆ ಕೇಳುತ್ತಿರಲಿಲ್ಲ. ಅದರ ಬದಲಿಗೆ ನಮ್ಮ ನಡುಮನೆಯನ್ನು ತಮ್ಮ ಅಂಗಡಿಯ ಒಂದು ಮೂಲೆ ಎಂದು ಭಾವಿಸಿದ್ದರು. ಮರಳೂರಿನ ಹೆಂಗಸರಿಗೆ ಆ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗಲು ಅಳುಕು, ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂಬುದೇ ತಿಳಿಯದೆ ಹಿಂದಕ್ಕೆ ಬಂದುಬಿಡುತ್ತಿದ್ದರು. ನಮ್ಮ ಮನೆಗಾದರೆ ಹೆಪ್ಪು ಕೇಳುವ ನೆಪದಲ್ಲಿ ಬರಬಹುದಿತ್ತು. ಬಂದವರ ಮುಂದೆ ಅಮ್ಮ ಹೊಸ ಯಂತ್ರ ತಿರುಗಿಸಿ ತೋರಿಸಬೇಕು, ಚೆನ್ನಾಗಿದೆ ಅನ್ನಬೇಕು, ಅವರು ಅಂಗಡಿಗೆ ಹೇಳಿಕಳಿಸಬೇಕು. ನಮ್ಮ ಮನೆಯದು ಬರೀ ಸ್ಯಾಂಪಲ್, ನಿಮಗೆ ಅಂಗಡಿಯಿಂದ ಹೊಸದು ಬರುತ್ತದೆ ಎಂದು ಅವರಿಗೆ ಹೇಳುವುದು. ಸ್ಯಾಂಪಲ್ಲು ಟೆಂಪೋ ಹತ್ತಿ ಅಂಗಡಿಯವರೆಗೆ ಹೋಗಿ, ಮಾರನೇ ದಿನ ಅದೇ ಟೆಂಪೋದಲ್ಲಿ ನಮ್ಮ ಬೀದಿಗೇ ಬಂದು ಎದುರುಮನೆಯಲ್ಲೋ ಪಕ್ಕದ ಮನೆಯಲ್ಲೋ ಇಳಿಯುತ್ತಿತ್ತು.

ಹೀಗೆ ಕಲರ್ ಟೀವಿ, ಫ್ರಿಜ್ಜು, ವಿಸಿಡಿ ಪ್ಲೇಯರು ಎಲ್ಲವೂ ಬೀದಿಯಲ್ಲಿ ಮೊದಲು ಬಂದದ್ದು ನಮ್ಮ ಮನೆಗೆ, ಮೊದಲು ಹೋದದ್ದೂ ನಮ್ಮ ಮನೆಯಿಂದ. ಹೊರಗೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ, ಅದು ನಮ್ಮನ್ನು ನೋಡಿಯೇ ಹೇಳಿದ್ದಿರಬೇಕು. ರಿಮೋಟಿನ ಪ್ಲಾಸ್ಟಿಕ್ ಕವರು ಹರಿಯುವಂತಿಲ್ಲ. ಟೀವಿಯ ಗಾಜಿಗೆ ಬೆರಳು ತಾಗಿಸುವಂತಿಲ್ಲ. ಊಟ ಅಡುಗೆಮನೆಯಲ್ಲೇ. ಮಿಕ್ಸಿ ಬಂದಾಗ ಅದರಲ್ಲಿ ನೆನೆಸಿದ ಅಕ್ಕಿಯನ್ನು ಮಾತ್ರ ರುಬ್ಬಬೇಕು. ಬೆಳ್ಳುಳ್ಳಿ, ಅರಿಶಿನ, ಹುಚ್ಚೆಳ್ಳು ಯಾವುದೂ ಕೂಡದು. ಒಂದು ಸಲ ಪಕ್ಕದ ಬೀದಿಯ ಹೆಂಗಸೊಬ್ಬಳು ಅಕ್ಕಿ ರುಬ್ಬೋದು ಯಾರಿಗೆ ಬೇಕು, ಚಟ್ನಿ ಮಾಡಿ ತೋರಿಸು ಅಂದಳೆಂದು ಅಮ್ಮ ಒಂದೇ ಒಂದು ಸಲ ಹುಚ್ಚೆಳ್ಳು ಚಟ್ನಿ ಮಾಡಿದಳು. ಆಮೇಲೆ ಜಾರನ್ನು ನಿಂಬೆಸಿಪ್ಪೆಯಲ್ಲಿ ತಿಕ್ಕಿ ಎರಡು ದಿನ ಬಿಸಿಲಿಗಿಟ್ಟಳು. ಮೂರನೇ ದಿನ ದೊಡ್ಡಪ್ಪ ಬಂದು ಜಾರಿನೊಳಗೆ ಮೂಗು ಇಟ್ಟು ಮೂಸಿದರು.

"ಬೆಳ್ಳುಳ್ಳಿ ಹಾಕಿದೀಯ, ಶಾಂತಾ."

"ಇಲ್ಲ ಭಾವ. ಒಂದೇ ಒಂದು ಎಸಳು."

"ಒಂದು ಎಸಳೋ ಒಂದು ಗಡ್ಡೆನೋ, ವಾಸನೆ ವಾಸನೆನೇ. ನಿಂಗೇ ಅಂತ ಒಂದು ಮಿಕ್ಸಿ ಕೊಡ್ತೀನಿ, ಅವಾಗ ಏನ್ ಬೇಕಾದ್ರೂ ರುಬ್ಕೊ. ಮುಂದಿನ ಲಾಟಲ್ಲಿ ಬರೋದು ಇಲ್ಲೇ ಉಳೀಲಿ."

ಮುಂದಿನ ಲಾಟು ಅನ್ನುವ ಮಾತನ್ನು ನಾನು ಶಾಲೆಗೆ ಸೇರುವ ಮೊದಲೇ ಕಲಿತಿದ್ದೆ. ಆ ಮಿಕ್ಸಿ ಹೋಯಿತು, ಅಮ್ಮ ಒರಳುಕಲ್ಲಿನ ಮುಂದೆ ಕೂತಳು. ಫ್ರಿಜ್ಜು ಹೋದಾಗ ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಅಮ್ಮ ಆಸೆಬುರುಕಿಯಲ್ಲ, ಯಾವುದಕ್ಕೂ ಬಾಯಿಬಿಟ್ಟು ಕೇಳಿದವಳೂ ಅಲ್ಲ. ಅವಳು ನಿಜವಾಗಿ ಬಯಸಿದ್ದು ಒಂದನ್ನೇ, ಅದು ವಾಷಿಂಗ್ ಮಿಷನ್ನು. ಅದಕ್ಕೆ ಕಾರಣ ತಾತ.

ತಾತ ಅಂದರೆ ಅಪ್ಪನ ಅಪ್ಪ, ಹಾಗಾಗಿ ದೊಡ್ಡಪ್ಪನಿಗೂ ಅಪ್ಪ. ಇದನ್ನು ಯಾಕೆ ಬಿಡಿಸಿ ಹೇಳುತ್ತಿದ್ದೇನೆಂದರೆ ನಮ್ಮ ಮನೆಯಲ್ಲಿ ಈ ಸರಳ ಸಂಬಂಧವನ್ನು ಆಗಾಗ ನೆನಪಿಸಬೇಕಾಗುತ್ತಿತ್ತು. ಹಳ್ಳಿಯ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ ತಾತ ಮತ್ತೆ ಏಳಲಿಲ್ಲ. ದೊಡ್ಡಪ್ಪನ ಮನೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು, ಮೆಟ್ಟಿಲು ಹತ್ತಿಸುವುದು ಹೇಗೆ ಅಂದರು. ಮೂರನೇ ಮಹಡಿಗೆ ಫ್ರಿಜ್ಜು ಹತ್ತಿಸುತ್ತಿದ್ದ ಅಂಗಡಿಗೆ ಒಬ್ಬ ಬಡಕಲು ಮುದುಕನನ್ನು ಒಂದು ಮಹಡಿ ಹತ್ತಿಸುವ ದಾರಿ ಕಾಣಲಿಲ್ಲ. ತಾತ ನಮ್ಮ ನಡುಮನೆಗೆ ಅಂಟಿಕೊಂಡಿದ್ದ ಸಣ್ಣ ಕೋಣೆಗೆ ಬಂದ. ಬಾಗಿಲಿಗೆ ಒಂದು ಪರದೆ ಹಾಕಿದರು, ಯಂತ್ರ ನೋಡಲು ಬಂದವರಿಗೆ ಮಂಚ ಕಾಣಬಾರದೆಂದು. ಅವನ ಹಾಸಿಗೆ ಬಟ್ಟೆ ದಿನಕ್ಕೆ ಎರಡು ಸಲ, ಕೆಲವು ದಿನ ಮೂರು ಸಲ ಬದಲಾಯಿಸಬೇಕಿತ್ತು. ಅಮ್ಮನ ಕೈ ಸೋಪಿನ ನೀರಿಗೆ ಬಿರಿದು, ಬೆರಳ ಸಂದಿಯಲ್ಲಿ ರಕ್ತ ಜಿನುಗುತ್ತಿತ್ತು. ಚಪಾತಿ ಹಿಟ್ಟಿಗೆ ಕೈ ಹಾಕಿದರೆ ಉಪ್ಪು ತಾಗಿ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ತಾತ ಅದನ್ನೆಲ್ಲ ಮಂಚದ ಮೇಲಿಂದ ನೋಡುತ್ತಿದ್ದ. ನೋಡಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ವಾಷಿಂಗ್ ಮಿಷನ್ನು ಬಂದದ್ದು ಸೈಕ್ಲೋನ್ ಹಿಡಿದು ಬಿಸಿಲೇ ಇಲ್ಲದಿದ್ದ ಒಂದು ವಾರ. ಎರಡು ತೊಟ್ಟಿಯದು, ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಮನೆತುಂಬ ಹಗ್ಗ ಕಟ್ಟಿ ಒದ್ದೆ ಬಟ್ಟೆ ನೇತುಹಾಕಿದ್ದೆವು. ಯಾವುದೂ ಒಣಗುತ್ತಿರಲಿಲ್ಲ. ತಾತ ಅರೆ ಒದ್ದೆ ಬಟ್ಟೆಯ ಮೇಲೆ ಮಲಗಿ ಬೆನ್ನು ಕೆಂಪಾಗಿತ್ತು. ದೊಡ್ಡಪ್ಪ ಎಂದಿನಂತೆ ಕಟ್ಟಪ್ಪಣೆ ಮಾಡಿ ಹೋದರು.

"ಒಗೆದ ಬಟ್ಟೆನೇ ಹಾಕಿ ತಿರುಗಿಸಿ ತೋರ್ಸು. ಕೊಳೆ ಬಟ್ಟೆ ಹಾಕಬ್ಯಾಡ. ಇದೊಂದು ಹೋಗ್ಲಿ, ಮುಂದಿನ ಲಾಟಲ್ಲಿ ಒಂದು ನಿಂಗೇ."

ಎರಡನೇ ದಿನ ಮಧ್ಯಾಹ್ನ ಅಮ್ಮ ನನ್ನನ್ನು ಕರೆದು ಗೇಟಿನ ಹತ್ತಿರ ನಿಲ್ಲಿಸಿದಳು. ನನಗಾಗ ಹತ್ತೋ ಹನ್ನೊಂದೋ ವರ್ಷ.

"ಸುಮಾ, ನಿಮ್ಮ ದೊಡ್ಡಪ್ಪನ ಸ್ಕೂಟರ್ ಸದ್ದು ಕೇಳಿದ್ರೆ ಜೋರಾಗಿ ಕೂಗ್ಬೇಕು. ಯಾರಿಗೂ ಹೇಳ್ಬೇಡ. ನಿಮ್ಮಪ್ಪನಿಗೂ."

ತಾತನ ಬಟ್ಟೆಗಳನ್ನು ಮೊದಲು ಕೈಯಲ್ಲೇ ಜಾಲಿಸಿ, ಬಿಸಿನೀರಲ್ಲಿ ಅದ್ದಿ ತೆಗೆದು, ಆಮೇಲೆ ಮಿಷನ್ನಿಗೆ ಹಾಕಿದಳು. ಹಿಂಡುವ ತೊಟ್ಟಿ ಗಡಗಡ ಎಂದು ಮನೆಯನ್ನೇ ನಡುಗಿಸಿ ನಿಂತಾಗ ಬಟ್ಟೆಯನ್ನು ಕೈಗೆತ್ತಿಕೊಂಡು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಹೆಚ್ಚುಕಡಿಮೆ ಒಣಗಿತ್ತು. ಅಮ್ಮ ನಕ್ಕಳು. ನಗುವಾಗ ಅವಳಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ನನಗೆ ತಿಳಿದದ್ದು ಆ ದಿನ. ಉಳಿದ ಹದಿಮೂರು ದಿನವೂ ಇದೇ ನಡೆಯಿತು. ನಾನು ಶಾಲೆಗೆ ಹೋದಾಗ ಅವಳು ಹೇಗೆ ಸಂಭಾಳಿಸಿದಳೋ ಗೊತ್ತಿಲ್ಲ. ತಾತನ ಬೆನ್ನು ವಾಸಿಯಾಯಿತು. ಅಮ್ಮನ ಬೆರಳುಗಳು ಕೂಡಿಕೊಂಡವು. ಒಂದು ಸಂಜೆ ಅವಳು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತನ್ನ ಕೈಗಳನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತ ಕೂತಿದ್ದಳು.

ಅಷ್ಟರಲ್ಲಿ ಎದುರುಮನೆಯ ಪಾರ್ವತಮ್ಮ ತನಗೊಂದು ಮಿಷನ್ನು ಬೇಕೆಂದು ಅಂಗಡಿಗೆ ಹೇಳಿಕಳಿಸಿದ್ದರು. ಅವರು ಕೆಟ್ಟವರಲ್ಲ, ಅಮ್ಮನ ಜೊತೆ ಹಪ್ಪಳ ಒತ್ತುತ್ತಿದ್ದವರು. ಆದರೆ ಲಿಂಗಪೂಜೆ ವಿಷಯದಲ್ಲಿ ಬಲು ಕಟ್ಟುನಿಟ್ಟು. ಪೂಜೆಗೆ ಉಡುವ ಸೀರೆಯನ್ನು ಮಕ್ಕಳು ಮುಟ್ಟಿದರೂ ಮತ್ತೆ ನೀರಿಗೆ ಹಾಕುತ್ತಿದ್ದರು. ಕೊಳ್ಳುವ ಮುಂಚೆ ಬಂದು ಕೇಳಿದರು.

"ಶಾಂತಾ, ನಂಗೆ ಹೊಸದೇ ಬರುತ್ತೆ ತಾನೇ? ಮಡಿ ಬಟ್ಟೆ ಒಗೆಯೋದು ಕಣೇ. ಬೇರೆಯವರು ಬಳಸಿದ್ದು ಆಗಲ್ಲ ನಂಗೆ."

"ಹೊಸದೇ ಪಾರ್ವತಕ್ಕ. ಡಬ್ಬದ ಸೀಲು ನೀವೇ ಒಡೀರಿ."

ಅಮ್ಮ ಹೇಳಿದ್ದು ಇಷ್ಟೇ. ಬೀದಿಯಲ್ಲಿ ಅವಳ ಮಾತಿಗೆ ಬೆಲೆಯಿತ್ತು. ಶಾಂತಾ ಹೇಳಿದರೆ ಸರಿ ಅನ್ನುತ್ತಿದ್ದರು, ದೊಡ್ಡಪ್ಪ ಅಷ್ಟು ವರ್ಷ ಮಾರಿದ್ದು ಅದನ್ನೇ. ಆ ರಾತ್ರಿ ಅಮ್ಮ ಮಿಷನ್ನನ್ನು ಬಿಸಿನೀರು, ವಾಷಿಂಗ್ ಸೋಡ, ನಿಂಬೆಹಣ್ಣು ಹಾಕಿ ಮೂರು ಸಲ ತೊಳೆದಳು. ಅಪ್ಪ ಅದನ್ನು ಪೆಟ್ಟಿಗೆಗೆ ಇಳಿಸಿ ತಳಕ್ಕೆ ಹೊಸ ಟೇಪು ಹಚ್ಚಿದ. ಎರಡು ದಿನ ಬಿಟ್ಟು ಅದು ಎದುರುಮನೆಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ಕೂತಿತು. ಅಮ್ಮ ಅದನ್ನು ನೋಡಲು ಹೋಗಲಿಲ್ಲ, ತಲೆನೋವು ಅಂದಳು. ತಾತನ ಬಟ್ಟೆ ಮತ್ತೆ ಒಗೆಯುವ ಕಲ್ಲಿಗೆ ಬಂತು.

ಮುಂದಿನದು ನನ್ನ ಬಾಯಿಯಿಂದ ಆದದ್ದು. ಪಾರ್ವತಮ್ಮನ ಮಗಳು ರೇಖಾ ನನ್ನ ಕ್ಲಾಸಿನವಳು. ಒಂದು ಭಾನುವಾರ ಅವರ ಮನೆಯಲ್ಲಿ ಟೀವಿ ನೋಡುತ್ತಿದ್ದೆವು. ನಾನು ಸೋಫಾದ ಮೇಲೆ ಕಾಲು ಮಡಿಸಿ ಕೂತಿದ್ದೆ. ರೇಖಾಗೆ ಏನು ಸಿಟ್ಟಿತ್ತೋ, ಕೆಳಗೆ ಕೂರು ಅಂದಳು. ನಾನು ಕೂರಲ್ಲ ಅಂದೆ, ನಮ್ಮನೆಗೆ ಇದಕ್ಕಿಂತ ದೊಡ್ಡ ಟೀವಿ ಬಂದಿತ್ತು ಅಂದೆ.

"ಬಂದಿತ್ತು, ಹೋಯ್ತು. ನಿಮ್ಮನೇಲಿ ಎಲ್ಲಾ ನಾಕು ದಿನದ್ದು. ನಿಮ್ದೇ ಅಂತ ಏನಿದೆ ತೋರ್ಸು ನೋಡೋಣ?"

ನನಗೆ ಆ ಕ್ಷಣದ ಉರಿ ಇವತ್ತಿಗೂ ಹಾಗೇ ಇದೆ. ಅವಳು ಸುಳ್ಳು ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ.

"ನಿಮ್ಮನೆ ಮಿಷನ್ನೂ ನಿಮ್ದಲ್ಲ, ಹೋಗೇ. ನಮ್ಮನೇಲಿದ್ದಿದ್ದೇ ಅದು. ನಮ್ಮ ತಾತನ ಹಾಸಿಗೆ ಬಟ್ಟೆ ಒಗೆದಿದ್ದು. ನಿಮ್ಮಮ್ಮ ಅದ್ರಲ್ಲಿ ಮಡಿಸೀರೆ ಒಗೀಲಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆಯನ್ನು ಮೇಷ್ಟ್ರು ಕಾಪಿ ಬರೆಸಿದ್ದರು, ಅರ್ಥವನ್ನು ನಾನು ಕಲಿತದ್ದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಪಾರ್ವತಮ್ಮನ ಮುಖ ನೋಡಿ. ಅವರು ನನ್ನನ್ನು ಬೈಯಲಿಲ್ಲ. ಅಟ್ಟದ ಮೇಲಿದ್ದ ಮಿಷನ್ನಿನ ಪೆಟ್ಟಿಗೆಯನ್ನು ಗಂಡನಿಂದ ಇಳಿಸಿ ಬೋರಲು ಹಾಕಿಸಿದರು. ತಳದಲ್ಲಿ ಎರಡು ಪದರ ಟೇಪು. ಮೇಲಿನದು ಅಂಗಡಿಯದು, ಕೆಳಗೆ ಸೀಳಿದ್ದು ಕಂಪನಿಯದು. ಸುದ್ದಿ ಹಬ್ಬಲು ಅರ್ಧ ಗಂಟೆ ಸಾಕಾಯಿತು. ನಮ್ಮ ಕಡೆ ಯಾವ ಮನೆಯಲ್ಲೂ ರಟ್ಟಿನ ಪೆಟ್ಟಿಗೆ ಎಸೆಯುವುದಿಲ್ಲ, ಮನೆ ಬದಲಾಯಿಸುವಾಗ ಬೇಕಾಗುತ್ತದೆ ಎಂದು ಅಟ್ಟಕ್ಕೆ ಹಾಕಿರುತ್ತಾರೆ. ಆ ಸಂಜೆ ಬೀದಿಯ ಎಲ್ಲ ಅಟ್ಟಗಳಿಂದಲೂ ಪೆಟ್ಟಿಗೆಗಳು ಇಳಿದವು. ಟೀವಿಯವು, ಮಿಕ್ಸಿಯವು, ಫ್ರಿಜ್ಜಿನವು, ಎಲ್ಲವನ್ನೂ ಬಾಗಿಲ ಮುಂದೆ ಬೋರಲು ಹಾಕಿ ಜನ ಬಗ್ಗಿ ಬಗ್ಗಿ ನೋಡಿದರು. ಅಪ್ಪನ ಕೈಕೆಲಸ ಅಂದು ಮೊದಲ ಸಲ ಬೆಳಕಿಗೆ ಬಂತು.

ಪಾರ್ವತಮ್ಮ ಮಿಷನ್ನನ್ನು ಬೀದಿಗೆ ತಂದಿಡಿಸಿ ನಮ್ಮ ಬಾಗಿಲಿಗೆ ಬಂದರು. ಅವರ ಕಣ್ಣಲ್ಲಿ ನೀರಿತ್ತು.

"ಅಂಗಡಿಯವರ ಮಾತು ಯಾರೇ ನಂಬ್ತಾರೆ? ನಿನ್ನ ಮಾತಿನ ಮೇಲೆ ತಗೊಂಡೆ ಕಣೇ ಶಾಂತಾ. ಒಗೆದಿದ್ದು ನಿಜಾನಾ?"

"ನಿಜ ಪಾರ್ವತಕ್ಕ. ಮಳೆ ಹಿಡಿದಿತ್ತು. ಮಾವನ ಬೆನ್ನು ಕೊಳೀತಿತ್ತು. ಒಗೆದೆ."

ಇಷ್ಟು ಹೇಳಿ ಅಮ್ಮ ನನ್ನ ಕಡೆ ಒಂದು ಸಲ ನೋಡಿದಳು. ಬೈದಿದ್ದರೆ, ಎರಡು ಬಾರಿಸಿದ್ದರೆ ನಾನು ಬೇರೆ ಹೆಂಗಸಾಗಿ ಬೆಳೆಯುತ್ತಿದ್ದೆ. ಅವಳು ಸುಮ್ಮನೆ ನೋಡಿ ಮುಖ ತಿರುಗಿಸಿದಳು. ಅಷ್ಟರಲ್ಲಿ ದೊಡ್ಡಪ್ಪನ ಸ್ಕೂಟರು ಬಂತು. ಅವರಿಗೆ ಬೀದಿಯ ಪೆಟ್ಟಿಗೆಗಳನ್ನು ನೋಡಿದ ತಕ್ಷಣ ಎಲ್ಲ ಅರ್ಥವಾಯಿತು, ಎಲ್ಲವನ್ನೂ ಯಾರ ತಲೆಗೆ ಕಟ್ಟಬೇಕೆಂಬುದೂ ಹೊಳೆಯಿತು. ಬೀದಿಗೆಲ್ಲ ಕೇಳುವ ಹಾಗೆ ಶುರುಮಾಡಿದರು.

"ನೋಡ್ಲಾ ಸಿದ್ದ, ನಿನ್ನ ಹೆಂಡ್ತಿ ಮಾಡಿರೋ ಕೆಲಸ ನೋಡ್ಲಾ! ಸ್ಯಾಂಪಲ್ ಅಂತ ಇಟ್ರೆ ಉಚ್ಚೆ ಬಟ್ಟೆ ಒಗೆದವ್ಳೆ. ನಮಗೇನ್ ಗೊತ್ತು ಸ್ವಾಮಿ, ಮನೆಯವರೇ ಹಿಂಗ್ ಮಾಡಿದ್ರೆ? ಇಪ್ಪತ್ ವರ್ಷದ ಹೆಸರು ಮಣ್ಣುಪಾಲಾಯ್ತು."

ಟೇಪಿನ ಮಾತು ಯಾರೂ ಎತ್ತದ ಹಾಗೆ ಅವರು ಉಚ್ಚೆಯ ಮಾತನ್ನೇ ಹತ್ತು ಸಲ ಆಡಿದರು. ಜನರಿಗೂ ಅದೇ ರುಚಿಸಿತು. ತಳ ಸೀಳಿ ಮಾರಿದವರು ಹಿಂದಕ್ಕೆ ಸರಿದರು, ಅಮ್ಮ ಒಬ್ಬಳೇ ಮುಂದೆ ಉಳಿದಳು. ಅಪ್ಪ ಕಾಂಪೌಂಡಿಗೆ ಒರಗಿ ನೆಲ ನೋಡುತ್ತ ನಿಂತಿದ್ದ. ಪರದೆಯ ಆಚೆ, ನಾಲ್ಕು ಹೆಜ್ಜೆ ದೂರದ ಮಂಚದಲ್ಲಿ ತಾತ ಇದ್ದ. ಅವನ ಕಿವಿ ಚುರುಕಾಗಿಯೇ ಇತ್ತು. ಅದನ್ನು ಆ ಹೊತ್ತಿನಲ್ಲಿ ಯಾರೂ ನೆನೆಯಲಿಲ್ಲ, ನಾನೂ ನೆನೆಯಲಿಲ್ಲ.

ಜನ ಚದುರಿದ ಮೇಲೆ ಅಮ್ಮ ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು.

"ಭಾವ, ಅದು ಇನ್ನು ಯಾರಿಗೂ ಬೇಡದ ಮಿಷನ್ನು. ಇಲ್ಲೇ ಬಿಟ್ಬಿಡಿ. ನಿಮ್ಮಪ್ಪನ ಬಟ್ಟೆಗೇ ಆಗುತ್ತೆ."

ದೊಡ್ಡಪ್ಪ ನಕ್ಕರು. ಸಿಟ್ಟಿಗಿಂತ ಆ ನಗು ನನಗೆ ಚೆನ್ನಾಗಿ ನೆನಪಿದೆ.

"ಇವತ್ತು ಇದನ್ನ ಬಿಟ್ರೆ, ನಾಳೆಯಿಂದ ಬರೋದಕ್ಕೆಲ್ಲ ಅದೇ ಮಾಡ್ತೀಯ. ಎಲ್ಲಾ ಇಲ್ಲೇ ಉಳೀತವೆ. ಕುಣಿಗಲ್‌ನಲ್ಲಿ ಒಬ್ಬ ಗಿರಾಕಿ ಅವ್ನೆ. ಅಲ್ಲಿಯವರಿಗೇನ್ ಗೊತ್ತಾಗುತ್ತೆ? ಸಿದ್ದ, ಹಗ್ಗ ತಗೊಂಬಾ."

ಅಪ್ಪ ಹಗ್ಗ ತಂದ. ಮಿಷನ್ನನ್ನು ಟೆಂಪೋದಲ್ಲಿ ನಿಲ್ಲಿಸಿ ಅಲುಗಾಡದಂತೆ ಬಿಗಿದು ಕಟ್ಟಿದ, ಗಂಟು ಸರಿಯಾಗಿದೆಯೋ ಎಂದು ಎರಡು ಸಲ ಎಳೆದು ನೋಡಿದ. ಆ ಎರಡನೇ ಸಲದ ಎಳೆತಕ್ಕೆ ನಾನು ಅಪ್ಪನನ್ನು ಇನ್ನೂ ಕ್ಷಮಿಸಿಲ್ಲ. ಅಮ್ಮ ಒಳಗೆ ಹೋಗಿ ಬಕೆಟ್ಟಿನಲ್ಲಿ ನೆನೆಸಿಟ್ಟಿದ್ದ ತಾತನ ಬಟ್ಟೆ ಒಗೆಯಲು ಕೂತಳು.

ಅಂದಿನಿಂದ ನಾನೊಂದು ಶಪಥ ಮಾಡಿದೆ. ಇನ್ನು ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ, ನಾಲಿಗೆ ಕಿತ್ತು ಹೋದರೂ ಸರಿ. ಮಕ್ಕಳ ಶಪಥ ಬೇಗ ಮುರಿಯುತ್ತದೆ ಅನ್ನುತ್ತಾರೆ. ನನ್ನದು ಮುರಿಯಲಿಲ್ಲ.

ತಾತನಿಗೆ ನೀರು ಕುಡಿಸುವುದು ನನ್ನ ಕೆಲಸ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ತಲೆದೆಸೆಯಲ್ಲಿ ಒಂದು ಚೊಂಬು ತುಂಬಿಸಿ ಇಟ್ಟು ಕುಡಿಸಬೇಕು, ಸಂಜೆ ಬಂದು ಇನ್ನೊಂದು. ಮಿಷನ್ನು ಕುಣಿಗಲ್‌ಗೆ ಹೋದ ಮಾರನೇ ದಿನ ಲೋಟ ಹಿಡಿದರೆ ತಾತ ತುಟಿ ಮುಚ್ಚಿಕೊಂಡ.

"ಬ್ಯಾಡ ಬುಡು ಮಗ. ದಾಹ ಇಲ್ಲ."

"ಅಮ್ಮ ಬೈತಾಳೆ ತಾತ."

"ಕಿಟಕಿ ಹೊರಗೆ ಪಪ್ಪಾಯಿ ಗಿಡ ಐತಲ್ಲ, ಅದಕ್ಕೆ ಉಯ್ದುಬುಡು. ನಿಮ್ಮಮ್ಮಂಗೆ ಹೇಳಬ್ಯಾಡ. ಅವಳ ಕೈ ನೋಡಿದೀಯಾ?"

ನೋಡಿದ್ದೆ. ಬೆರಳ ಸಂದಿಗಳು ಮತ್ತೆ ಬಾಯಿಬಿಟ್ಟಿದ್ದವು. ತಾತ ಹೇಳಿದ್ದರ ಅರ್ಧ ನನಗೆ ಅರ್ಥವಾಯಿತು, ಆ ಅರ್ಧವೇ ಸಾಕಾಗಿತ್ತು. ಕುಡಿಯದಿದ್ದರೆ ಬಟ್ಟೆ ಒದ್ದೆಯಾಗುವುದಿಲ್ಲ, ಒದ್ದೆಯಾಗದಿದ್ದರೆ ಅಮ್ಮ ಒಗೆಯಬೇಕಿಲ್ಲ. ನಾನು ಹಾಳುಮಾಡಿದ್ದನ್ನು ನಾನೂ ತಾತನೂ ಸೇರಿ ಸರಿಮಾಡುತ್ತಿದ್ದೇವೆ ಅಂದುಕೊಂಡೆ. ದಿನಕ್ಕೆ ಎರಡು ಚೊಂಬು ನೀರನ್ನು ಕಿಟಕಿಯ ಸರಳಿನ ಸಂದಿಯಿಂದ ಹೊರಗೆ ಸುರಿದು, ಖಾಲಿ ಚೊಂಬನ್ನು ಅಮ್ಮನ ಕಣ್ಣಿಗೆ ಬೀಳುವ ಹಾಗೆ ಅಡುಗೆಮನೆಯಲ್ಲಿ ಇಡುತ್ತಿದ್ದೆ. ಅಮ್ಮ ಕೊಟ್ಟ ಕಾಫಿಯಲ್ಲಿ ತಾತ ಎರಡು ಗುಟುಕು ಕುಡಿದು ಬಿಸಿ ಅನ್ನುತ್ತಿದ್ದ, ಗಂಜಿಯನ್ನು ಗಟ್ಟಿ ಮಾಡು ಅನ್ನುತ್ತಿದ್ದ. ಮೂರನೇ ದಿನದಿಂದ ಹಾಸಿಗೆ ಬಟ್ಟೆ ದಿನಕ್ಕೆ ಒಂದೇ ಆಯಿತು. ಆಮೇಲೆ ಒಂದೂ ಇಲ್ಲ. ಅಮ್ಮ ಮುಟ್ಟಿ ಮುಟ್ಟಿ ನೋಡಿದಳು. ಅಪ್ಪನನ್ನು ಕರೆದು ಹೇಳಿದಳು.

"ಮಾವಂಗೆ ಹತೋಟಿ ಬರ್ತಾ ಇದೆ ಕಣ್ರೀ. ನಾಕು ದಿನದಿಂದ ಬಟ್ಟೆ ಒಣಗೇ ಇದೆ. ಗುಣ ಆಗ್ತಾ ಅವ್ರೆ."

ಬೀದಿಯವರು ಯಾರೂ ಮಾತಾಡಿಸದ ಆ ದಿನಗಳಲ್ಲಿ ಅಮ್ಮನಿಗೆ ಸಿಕ್ಕ ಒಂದೇ ಸಂತೋಷ ಅದು. ಮಧ್ಯಾಹ್ನ ಒಂದು ಗಂಟೆ ಮಲಗಿ ಎದ್ದಳು. ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನಾನು ಅದನ್ನೆಲ್ಲ ನೋಡುತ್ತ ಒಳಗೊಳಗೇ ಬೀಗಿದೆ.

ಎರಡನೇ ವಾರಕ್ಕೆ ತಾತನಿಗೆ ಜ್ವರ ಬಂತು. ಮಾತು ತೊದಲಿತು, ನನ್ನನ್ನು ಯಾವುದೋ ಹಳೆಯ ಹೆಸರು ಹಿಡಿದು ಕರೆಯತೊಡಗಿದ. ಅಪ್ಪ ಬಟವಾಡಿಯಿಂದ ಡಾಕ್ಟರನ್ನು ಆಟೋದಲ್ಲಿ ಕರೆತಂದ. ಅವರು ತಾತನ ನಾಲಿಗೆ ನೋಡಿದರು, ಕೈ ಚರ್ಮವನ್ನು ಹಿಡಿದೆತ್ತಿ ಬಿಟ್ಟರು. ಅದು ಎತ್ತಿದ ಹಾಗೇ ನಿಂತಿತು.

"ನೀರು ಎಷ್ಟು ಕುಡೀತಾರಮ್ಮ?"

"ದಿನಕ್ಕೆ ಎರಡು ಚೊಂಬು ಸಾರ್, ತಪ್ಪಿಸಲ್ಲ. ಮಗಳೇ ಕುಡಿಸ್ತಾಳೆ."

ಡಾಕ್ಟರು ನನ್ನ ಕಡೆ ತಿರುಗಿದರು.

"ಕುಡಿಸ್ತೀಯೇನಮ್ಮ?"

ಕೋಣೆಯಲ್ಲಿ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹಿಂದಿನ ಸಲ ಈ ಬಾಯಿ ತೆರೆದಾಗ ಏನಾಯಿತೆಂದು ನನಗೆ ಗೊತ್ತಿತ್ತು. ನಾನು ಹೂಂ ಎಂದು ತಲೆಯಾಡಿಸಿದೆ. ಹಾಗಾದರೆ ಕಿಡ್ನಿಯೇ ಕೈಕೊಟ್ಟಿರಬೇಕು ಅಂದರು ಡಾಕ್ಟರು. ಡ್ರಿಪ್ ಹಾಕಿದರು, ದೊಡ್ಡಾಸ್ಪತ್ರೆಗೆ ಸೇರಿಸಿ ಅಂದರು. ಸೇರಿಸಿದ ಮೂರನೇ ದಿನ ತಾತ ತೀರಿಕೊಂಡ.

ಹಳ್ಳಿಯ ಹೊಲದಲ್ಲಿ ಸಮಾಧಿ ಮಾಡಿದರು. ಎಲ್ಲರಿಗಿಂತ ಜೋರಾಗಿ ಅತ್ತವರು ದೊಡ್ಡಪ್ಪ. ಪಾರ್ವತಮ್ಮ ನಮ್ಮ ಮನೆಗೆ ಬಂದು ಅಮ್ಮನ ಪಕ್ಕ ಗೋಡೆಗೊರಗಿ ಕೂತರು. ಹನ್ನೊಂದನೇ ದಿನದ ಆರಾಧನೆ ಮುಗಿದು ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಟೆಂಪೋ ಬಂತು. ಅದರಲ್ಲಿ ಹೊಸ ವಾಷಿಂಗ್ ಮಿಷನ್ನು. 'ನಮ್ಮಪ್ಪನ ಹೆಸರಲ್ಲಿ ತಮ್ಮನ ಮನೆಗೆ ಕೊಡ್ತಿದೀನಿ' ಎಂದು ದೊಡ್ಡಪ್ಪ ನಾಲ್ಕು ಜನರ ಮುಂದೆ ಹೇಳಿದರು. ನೆಂಟರು ತಲೆದೂಗಿದರು. ಅಮ್ಮ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದವಳು ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಇವಾಗ ಏನ್ ಒಗೀಲಿ ಭಾವ?"

ದೊಡ್ಡಪ್ಪ ಕೇಳಿಸದವರಂತೆ ಟೆಂಪೋದ ಕಡೆ ತಿರುಗಿದರು. ಇಲ್ಲಿಗೆ ನಿಲ್ಲಿಸಿದರೆ ಅಮ್ಮ ದೊಡ್ಡವಳಾಗಿ ಕಾಣುತ್ತಾಳೆ. ಆದರೆ ಬದುಕು ಅಷ್ಟು ಮರ್ಯಾದೆ ಉಳಿಸುವುದಿಲ್ಲ. ಅವಳು ಆ ಮಿಷನ್ನನ್ನು ಹದಿನಾರು ವರ್ಷ ಬಳಸಿದಳು. ನನ್ನ ಯೂನಿಫಾರ್ಮು ಒಗೆದಳು, ಅಪ್ಪನ ಗ್ರೀಸು ಹತ್ತಿದ ಅಂಗಿ ಒಗೆದಳು, ಅದು ಕೆಟ್ಟರೆ ರಿಪೇರಿಯವನಿಗೆ ಟೀ ಮಾಡಿಕೊಟ್ಟಳು. ಬೇಡ ಅನ್ನುವ ಸವಲತ್ತು ನಮಗೆಲ್ಲಿತ್ತು? ಅದರ ಹಿಂಡುವ ತೊಟ್ಟಿ ತಿರುಗಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಈಗ ಅಮ್ಮ ನನ್ನ ಜೊತೆ ಬಟವಾಡಿಯಲ್ಲಿದ್ದಾಳೆ. ನನಗೇ ಕನ್ನಡಕ ಬಂದಿದೆ, ಅವಳಿಗೆ ನೆನಪು ಮಾತ್ರ ಎಳೆಎಳೆಯಾಗಿ ಉಳಿದಿದೆ. ಹೋದ ತಿಂಗಳು ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದೆವು. ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವಳು ಇದ್ದಕ್ಕಿದ್ದಂತೆ ಶುರುಮಾಡಿದಳು.

"ಒಂದು ವಾರ ಮಾವನ ಬಟ್ಟೆ ಒಣಗೇ ಇರ್ತಿತ್ತು ಕಣೇ ಸುಮಾ. ಕಿಡ್ನಿ ನಿಂತೋಗಿ ಹಂಗಾಗಿತ್ತು. ನಾನು ಗುಣ ಆಗ್ತಿದೆ ಅಂದ್ಕೊಂಡು ಮಧ್ಯಾಹ್ನ ನೆಮ್ಮದಿಯಾಗಿ ಮಲಗ್ತಿದ್ದೆ. ಆ ಜೀವ ಒಳಗೇ ಸಾಯ್ತಿತ್ತು, ನಾನು ತುಪ್ಪದ ದೀಪ ಹಚ್ಚಿದೆ. ಆ ಪಾಪ ನನ್ನ ಬಿಡುತ್ತೇನೇ?"

"ನಿಂಗೆ ಹೆಂಗ್ ಗೊತ್ತಾಗ್ಬೇಕಿತ್ತಮ್ಮ?"

ಅಷ್ಟೇ ಅಂದೆ. ಮುಂದಿನ ಮಾತು ಗಂಟಲವರೆಗೆ ಬಂತು. ಇಷ್ಟು ವರ್ಷದಲ್ಲಿ ಅದು ಅಲ್ಲಿಯವರೆಗೆ ಎಷ್ಟು ಸಲ ಬಂದಿಲ್ಲ. ಅಮ್ಮ ತನ್ನ ಕಡೆಯ ತುದಿಯನ್ನು ತಂದು ನನ್ನ ಕೈಗೆ ಕೊಟ್ಟು, ನನ್ನ ಮುಂಗೈ ತಟ್ಟಿದಳು.

"ನೀನೊಬ್ಳು ಇದ್ದೆ. ಅಷ್ಟು ಸಣ್ಣ ಮಗು, ಒಂದು ದಿನ ತಪ್ಪಿಸ್ದೆ ನೀರು ಕುಡಿಸ್ತಿದ್ದೆ. ಆ ಪುಣ್ಯ ನಿಂಗಿರ್ಲಿ."

ನಾನು ಹೂಂ ಅಂದೆ.